ಟ್ರೇಲರ್‌ಗೆ ಗುಡ್‌ಇಯರ್ ಎಂಡ್ಯೂರೆನ್ಸ್ ಟೈರು: ಟೆಕ್ಸಸ್ ಬಿಸಿಲಲ್ಲಿ ಹೇಗಿದೆ?

ನಮ್ಮ ಟ್ರಾವೆಲ್ ಟ್ರೇಲರ್ (ಗಾಡಿಯ ಹಿಂದೆ ಎಳೆದೊಯ್ಯುವ ಪುಟ್ಟ ಮನೆ) ಜೊತೆ ಬಂದಿದ್ದ ಅಗ್ಗದ ಟೈರಿನ ಟ್ರೆಡ್, ಅಂದರೆ ನೆಲಕ್ಕೆ ತಾಗುವ ಹೊರಪದರ, ಇನ್ನೂ ದಪ್ಪಗೇ ಇತ್ತು. ಆದರೂ ಡಲ್ಲಾಸ್‌ನಿಂದ ಬಿಗ್ ಬೆಂಡ್‌ಗೆ ಹೋಗುವಾಗ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಸುಲಿದು ಬಂತು, ಚಕ್ರದ ಮೇಲಿನ ಫೆಂಡರನ್ನೂ ಕಿತ್ತು ಹಾಕಿತು. ಟ್ರೇಲರ್ ಟೈರು ಸವೆಯುವ ಮೊದಲೇ ಮುದಿಯಾಗುತ್ತದೆ, ನಿಂತಲ್ಲೇ ನಿಂತಿರುತ್ತದಲ್ವಾ!

ಈಗ ಹಾಕಿಸಿರುವುದು ಎಂಡ್ಯೂರೆನ್ಸ್, ಅಳತೆ ಎಸ್‌ಟಿ 225/75ಆರ್15 (ಎಸ್‌ಟಿ ಅಂದರೆ ಟ್ರೇಲರ್‌ಗೆಂದೇ ಮಾಡಿದ್ದು), ಲೋಡ್ ರೇಂಜ್ ಅಂದರೆ ಭಾರ ಹೊರುವ ದರ್ಜೆ ಇ. 80 ಪಿಎಸ್‌ಐ ಗಾಳಿಯಲ್ಲಿ ಒಂದೊಂದೂ 2,830 ಪೌಂಡ್ ಹೊರುತ್ತದೆ. ಜುಲೈ ಬಿಸಿಲಲ್ಲಿ ಪೆಟ್ರೋಲಿಗೆ ನಿಂತಾಗಲೆಲ್ಲ ಕೈಯಿಟ್ಟು ನೋಡಿದೆ. ನಾಲ್ಕೂ ಒಂದೇ ಸಮ ಬೆಚ್ಚಗಿದ್ದವು, ಎಲ್ಲೂ ಉಬ್ಬಿಲ್ಲ. ಬೆಲೆ ಜಾಸ್ತಿ, ನನಗೆ ಬೇಜಾರಿಲ್ಲ.

ಕೊಳ್ಳುವಾಗ ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಡಾಟ್ ಕೋಡಿನ (ತಯಾರಿಕೆಯ ಗುರುತು) ಕೊನೆಯ ನಾಲ್ಕು ಅಂಕಿ ಓದಿ. 1224 ಅಂದರೆ 2024ರ 12ನೇ ವಾರ ತಯಾರಾದದ್ದು. ಹಳೇ ಸ್ಟಾಕ್ ಕೊಟ್ಟರೆ ಮುಲಾಜಿಲ್ಲದೆ ಬೇಡ ಅನ್ನಿ.