ಹೊಸೂರು ಹಳೇ ಪೇಟೆಯ ಗ್ರಂದಿಗೆ ಅಂಗಡಿ, ಮಗಳು ಕಳಿಸಿದ ಚೀನಾ ಪೊಟ್ಟಣ

ಕೆಲಮಂಗಲದ ಹತ್ತಿರ ಗುಲಾಬಿ ಬೆಳೆಯುವವರು ನಾವು. ಡಿಸೆಂಬರ್ ಮೊದಲಲ್ಲಿ ಗಿಡ ಸವರಿದರೆ ಫೆಬ್ರವರಿ 14ರ ಹೊತ್ತಿಗೆ ತಾಜ್ ಮಹಲ್ ಅನ್ನುವ ಜಾತಿಯ ಗುಲಾಬಿ ಮೊಗ್ಗು ಕೈಗೆ ಬರುತ್ತದೆ. ಎರಡು ವಾರ ತಡ ಮಾಡಿದರೆ ಬೆಂಗಳೂರಿನ ಪ್ರೇಮಿಗಳು ನಮಗಾಗಿ ಕಾಯುತ್ತಾ ಕೂರುವುದಿಲ್ಲ. ಹಾಗಾಗಿ ಮಂಜು ಸುರಿಯುತ್ತಿದ್ದರೂ ಬೆಳಗಿನ ಜಾವ ಐದಕ್ಕೇ ಕತ್ತರಿ ಹಿಡಿದು ಸಾಲಿಗೆ ಇಳಿಯಬೇಕು. ಪ್ರತಿ ವರ್ಷ ಆ ತಿಂಗಳಲ್ಲೇ ನನಗೆ ನೆಗಡಿ, ಅದರ ಬೆನ್ನಿಗೇ ಒಣ ಕೆಮ್ಮು.

ಈ ಸಲ ಫೋನಿನಲ್ಲಿ ನನ್ನ ಕೆಮ್ಮು ಕೇಳಿ ಮಗಳು ಬೆಂಗಳೂರಿನಿಂದ ಒಂದು ಪೊಟ್ಟಣ ಕಳಿಸಿದಳು. ಅವಳು ಫಾರ್ಮಸಿ ಓದಿದವಳು, ಆದರೂ ಪೆಟ್ಟಿಗೆ ಚೆನ್ನಾಗಿದ್ದರೆ ಮರುಳಾಗುತ್ತಾಳೆ. 1,450 ರೂಪಾಯಿ. ಮೇಲೆ ಚೀನೀ ಅಕ್ಷರ, ಒಳಗೆ ಐದು ಪುಟ್ಟ ಚೀಲ. ಇದಕ್ಕೆ ಗುಯಿ ಝಿ ತಾಂಗ್ ಅಂತ ಹೆಸರಂತೆ. ಸುಮಾರು 1,800 ವರ್ಷದ ಹಿಂದೆ ಝಾಂಗ್ ಝೊಂಗ್‌ಜಿಂಗ್ ಅನ್ನುವ ವೈದ್ಯ, ಚಳಿಗಾಳಿ ತಗುಲಿದವರಿಗೆ ಅಂತ ಬರೆದಿಟ್ಟ ಕಷಾಯ. ಅದೆಲ್ಲ ಸರಿ, ಆದರೆ ಚೀಲ ಬಿಚ್ಚಿ ಮೂಸಿದಾಗ ನನಗೆ ನಮ್ಮ ಅಡುಗೆಮನೆಯ ಡಬ್ಬಿಯೇ ನೆನಪಾಯಿತು. ಎಲ್ಲವನ್ನೂ ಬ್ಯಾಗಿಗೆ ತುಂಬಿಕೊಂಡು ಹೊಸೂರಿಗೆ ಬಸ್ಸು ಹತ್ತಿದೆ.

ಚಂದ್ರಚೂಡೇಶ್ವರನ ಬೆಟ್ಟ ಕಾಣುವ ಹಳೇ ಪೇಟೆ ಬೀದಿಯಲ್ಲಿದೆ ಅಂಗಡಿ. ಬೋರ್ಡು ತಮಿಳಿನಲ್ಲಿ ನಾಟ್ಟು ಮರುಂದು ಕಡೈ, ಅಂದರೆ ನಾಟಿ ಮದ್ದಿನ ಅಂಗಡಿ, ನಾವು ಕರೆಯುವುದು ಗ್ರಂದಿಗೆ ಅಂಗಡಿ. ಎಂಟಡಿ ಅಗಲ. ಗೋಡೆ ತುಂಬ ಮರದ ಸಣ್ಣ ಸಣ್ಣ ಖಾನೆಗಳು. ಒಳಗೆ ಕಾಲಿಟ್ಟರೆ ಬಜೆ, ಸಾಂಬ್ರಾಣಿ, ಹಿಪ್ಪಲಿ ಮೂರೂ ಒಟ್ಟಿಗೆ ಮೂಗಿಗೆ ಹೊಡೆಯುತ್ತವೆ. ಕಟ್ಟಿದ ಮೂಗು ಅಲ್ಲೇ ಅರ್ಧ ಬಿಟ್ಟುಕೊಳ್ಳುತ್ತದೆ.

ಯಜಮಾನರು ನನ್ನ ಐದು ಚೀಲವನ್ನೂ ಒಂದು ಹಳೇ ಪೇಪರಿನ ಮೇಲೆ ಸುರಿದುಕೊಂಡರು. ಒಂದೊಂದನ್ನೇ ಮುರಿದರು, ಮೂಸಿದರು, ಹಲ್ಲಲ್ಲಿ ಕಡಿದರು. ಕಡ್ಡಿಯಂಥದ್ದು ಚಕ್ಕೆ ಮರದ ಎಳೇ ರೆಂಬೆ. ಬಿಲ್ಲೆ ಬಿಲ್ಲೆಯಾಗಿದ್ದದ್ದು ಶುಂಠಿ. ಹಳದಿ ಬೇರು ಅತಿಮಧುರ. ಸುಕ್ಕುಗಟ್ಟಿದ ಕೆಂಪು ಕಾಯಿ ನೋಡಿ ನಕ್ಕರು, 'ಇದು ಇಲಂದೈ ಜಾತೀದೇ ಅಮ್ಮಾ, ನಿಮ್ಮ ಎಲಚಿ ಹಣ್ಣಿನ ದೊಡ್ಡಣ್ಣ.' ಐದನೆಯದು ಬೆಳ್ಳಗಿನ ಬೇರಿನ ಚೂರು, ಪಿಯೋನಿ ಅನ್ನುವ ಹೂಗಿಡದ್ದು ಅಂತ ಪೆಟ್ಟಿಗೆಯಲ್ಲಿ ಬರೆದಿತ್ತು. ಅದನ್ನು ಎರಡು ಸಲ ಕಡಿದು ನೋಡಿ ಬೆರಳಲ್ಲಿ ಬದಿಗೆ ತಳ್ಳಿದರು. 'ಇದು ನಂಗೆ ಗೊತ್ತಿಲ್ಲ.' ಇಷ್ಟು ವರ್ಷದಲ್ಲಿ ಔಷಧಿ ಮಾರುವವರೊಬ್ಬರ ಬಾಯಲ್ಲಿ ಈ ಮಾತು ನಾನು ಕೇಳಿದ್ದು ಅದೇ ಮೊದಲು.

ಆಮೇಲೆ ತಮ್ಮ ಖಾನೆಗಳನ್ನು ಎಳೆದು ತೋರಿಸಿದರು. ಪರಂಗಿ ಚಕ್ಕೆ ಬರುವುದೇ ಚೀನಾದಿಂದ. ನನ್ನ ಅತ್ತೆ ಮಕ್ಕಳ ಕೆಮ್ಮಿಗೆ ತೇದು ಜೇನಿನಲ್ಲಿ ನೆಕ್ಕಿಸುತ್ತಿದ್ದ ದುಂಪರಾಸ್ಮೆಯ ಮೂಲವೂ ದಕ್ಷಿಣ ಚೀನಾ. ದಾಲ್ಚಿನ್ನಿ ಅನ್ನುವ ಹೆಸರೇ ಪಾರಸಿಯವರು ಇಟ್ಟ 'ಚೀನಾದ ಮರ'. ಚೀನಾ ಮದ್ದು ಅಂತ ಮಗಳು ದುಡ್ಡು ಕೊಟ್ಟು ತರಿಸಿದ್ದು ನಮ್ಮೂರ ಪೇಟೆಗೆ ಯಾವ ಕಾಲದಲ್ಲೋ ಬಂದು ಕೂತಿದೆ.

ಈ ಅಂಗಡಿಯಲ್ಲಿ ನನಗೆ ಹಿಡಿಸಿದ್ದು, ಕಟ್ಟುವ ಮುಂಚೆ ಬೇರನ್ನು ಕೈಗೆ ಕೊಟ್ಟು 'ಇದೇನಾ?' ಅಂತ ಕೇಳುವುದು. ಹೊಸೂರಿನಲ್ಲಿ ಅದು ಬೇಕೇ ಬೇಕು. ನಾವು ಬಜೆ ಅಂದರೆ ತೆಲುಗಿನವರು ವಸ ಅಂತಾರೆ, ತಮಿಳಿನವರು ವಸಂಬು. ನಮ್ಮ ಮನೆಯಲ್ಲಿ ಎರಡು ಬಗೆಯೂ ದುಂಪರಾಸ್ಮೆಯೇ, ತಮಿಳಿನಲ್ಲಿ ಚಿಕ್ಕದು ಚಿತ್ತರತ್ತೈ, ದೊಡ್ಡದು ಪೇರರತ್ತೈ. ಬರೀ ಹೆಸರು ನಂಬಿ ಪುಡಿ ಮಾಡಿಸಿಕೊಂಡು ಹೋದರೆ ಮನೆಗೆ ಹೋಗುವುದು ಯಾವುದೋ.

ಹೆಸರು ತಪ್ಪಿದರೆ ಏನಾಗುತ್ತದೆ ಅನ್ನುವುದನ್ನು ಮಗಳೇ ಆಮೇಲೆ ಹೇಳಿದಳು. 1990ರ ದಶಕದ ಶುರುವಿನಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲು ಹೋದ ಹೆಂಗಸರಿಗೆ ಚೀನೀ ಬೇರಿನ ಮಾತ್ರೆ ಕೊಟ್ಟಿದ್ದರಂತೆ. ಫಾಂಗ್ ಜಿ ಅನ್ನುವ ಬೇರು ಇರಬೇಕಾದ ಕಡೆ ಗುವಾಂಗ್ ಫಾಂಗ್ ಜಿ ಅನ್ನುವ ಬೇರೊಂದು ಗಿಡದ ಬೇರು ಸೇರಿಹೋಗಿತ್ತು. ಎಷ್ಟೋ ಜನರ ಕಿಡ್ನಿ ಹೋಯಿತು. ಆ ಎರಡನೇ ಬೇರು ನಮ್ಮ ಈಶ್ವರಿ ಬಳ್ಳಿಯ ಕುಲದ್ದೇ, ಎರಡರಲ್ಲೂ ಇರುವುದು ಅರಿಸ್ಟೊಲೋಕಿಕ್ ಆಮ್ಲ, ಕ್ಯಾನ್ಸರ್ ತರುವಂಥದ್ದು. ಅದಕ್ಕೆ ಎರಡು ದಿನ ಮುಂಚೆ ಅದೇ ಈಶ್ವರಿ ಬೇರನ್ನು ನಾನು ಅಂಗಡಿಯಲ್ಲಿ ಕೇಳಿದ್ದೆ, ಅಮ್ಮ ಇಡುತ್ತಿದ್ದಳಲ್ಲ ಅಂತ. 'ಅದನ್ನ ಇಡೋದು ಬಿಟ್ಟೆ' ಅಂತಷ್ಟೇ ಅಂದಿದ್ದರು. ಸ್ಟಾಕ್ ಇಲ್ಲ ಅಂದುಕೊಂಡು ಸುಮ್ಮನಾಗಿದ್ದೆ.

ಅಂಗಡಿಯಲ್ಲಿ ಯಜಮಾನರು ಇನ್ನೊಂದು ಪ್ರಶ್ನೆಯನ್ನೂ ಕೇಳಿದ್ದರು. 'ಮನೇಲಿ ಯಾರಿಗಾದ್ರೂ ಬಿಪಿ ಇದೆಯಾ?' ನಮ್ಮವರಿಗಿದೆ ಅಂದೆ. ಅತಿಮಧುರವನ್ನು ನನ್ನ ಪಾಲಿಗೆ ಮಾತ್ರ, ಅದೂ ನಾಲ್ಕೇ ದಿನಕ್ಕೆ ಆಗುವಷ್ಟು ತೂಗಿದರು. ನನಗೆ ಹೋದ ವರ್ಷದ ಚಳಿಗಾಲ ಕಣ್ಣ ಮುಂದೆ ಬಂತು. ಬೇರೊಂದು ಕಡೆ ಕೊಂಡ 'ಶಕ್ತಿ ಪುಡಿ'ಯನ್ನು ನಮ್ಮವರು ಎರಡು ತಿಂಗಳು ಬಿಸಿನೀರಲ್ಲಿ ಕುಡಿದರು. ಕಾಲು ಊದಿತು, ಮಾತ್ರೆ ನುಂಗುತ್ತಿದ್ದರೂ ಬಿಪಿ ಏರಿತು. ಡಾಕ್ಟರು ಡಬ್ಬಿ ತರಿಸಿ ಓದಿದರೆ ಮೊದಲ ಸಾಲಿನಲ್ಲೇ ಜೇಷ್ಠಮಧು. ಜೇಷ್ಠಮಧು ಅಂದರೂ ಅತಿಮಧುರ ಅಂದರೂ ಒಂದೇ ಬೇರು. ದಿನಾ ತಿಂದರೆ ಮೈಯಲ್ಲಿ ನೀರು, ಉಪ್ಪು ನಿಲ್ಲುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಆ ಪುಡಿ ಮಾರಿದವರು ಏನೂ ಕೇಳಿರಲಿಲ್ಲ, ಎರಡು ಕೊಂಡರೆ ಒಂದು ಉಚಿತ ಅಂದಿದ್ದರು.

ಕೊನೆಗೆ ನಾನು ತಂದದ್ದು ಸುಕ್ಕು, ಮೆಣಸು, ಹಿಪ್ಪಲಿ, ಚಿತ್ತರತ್ತೈ, ಆ ಚೂರು ಅತಿಮಧುರ. ಎಲ್ಲಾ ಸೇರಿ 210 ರೂಪಾಯಿ. ಪೆಟ್ಟಿಗೆಯಿಂದ ನನಗೆ ದಕ್ಕಿದ್ದು ಒಂದು ಚೀಟಿ. ಕಷಾಯ ಕುಡಿದ ಸ್ವಲ್ಪ ಹೊತ್ತಿಗೆ ಬಿಸಿ ತೆಳು ಗಂಜಿ ಕುಡಿಯಬೇಕು, ಹೊದ್ದು ಮಲಗಬೇಕು, ಮೈ ಸಣ್ಣಗೆ ಬೆವರಬೇಕು, ನೀರು ಇಳಿಯುವಷ್ಟು ಬೆವರಬಾರದು, ಅಂತ ಆ ಚೀನೀ ವೈದ್ಯರೇ ಬರೆದಿದ್ದಾರಂತೆ. ನಮ್ಮಜ್ಜಿ ಇನ್ನೇನು ಮಾಡುತ್ತಿದ್ದಳು? ಮೆಣಸು ಹಾಕಿದ ರಾಗಿ ಅಂಬಲಿ, ಮೇಲೆ ಕರೀ ಕಂಬಳಿ, 'ಕತ್ತಿನ ಹಿಂದೆ ಗಾಳಿ ಹೋಗುತ್ತೆ, ಮುಚ್ಕೋ' ಅನ್ನುವ ಬೈಗುಳ. ಚೀನೀಯರೂ ಗಾಳಿ ಕತ್ತಿನ ಹಿಂದಿನಿಂದಲೇ ಹೊಗುತ್ತದೆ ಅಂತಾರಂತೆ, ತಲೆಬುರುಡೆಯ ಕೆಳಗಿನ ಆ ಕುಳಿಗೆ 'ಗಾಳಿಯ ಕೊಳ' ಅಂತ ಹೆಸರೂ ಇಟ್ಟಿದ್ದಾರೆ. ನಾನಂತೂ ಆವತ್ತಿಂದ ಮಫ್ಲರ್ ಬಿಟ್ಟಿಲ್ಲ.

ಗುಣವಾಯಿತಾ ಅಂದರೆ, ಗಂಟಲ ಕೆರೆತ ಎರಡನೇ ರಾತ್ರಿಗೇ ತಗ್ಗಿತು, ನಿದ್ದೆ ಬಂತು. ಕೆಮ್ಮು ಪೂರ್ತಿ ಹೋಗಲು ಇನ್ನೂ ಒಂಬತ್ತು ದಿನ ಹಿಡಿಯಿತು, ಅದು ಮದ್ದಿಲ್ಲದೆಯೂ ಹೋಗುತ್ತಿತ್ತೋ ಏನೋ. ಜ್ವರ, ಏದುಸಿರು ಇದ್ದಿದ್ದರೆ ನಾನು ಈ ಬೀದಿಗಲ್ಲ, ಆಸ್ಪತ್ರೆಗೆ ಹೋಗುತ್ತಿದ್ದೆ.

ಅಂಗಡಿಯ ಮೇಲೆ ದೂರು ಇಲ್ಲದಿಲ್ಲ. ಚಿತ್ತರತ್ತೈಯಲ್ಲಿ ಎರಡು ತುಂಡಿಗೆ ಹುಳ ಕೊರೆದಿತ್ತು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಾಗಿಲು ಹಾಕುತ್ತಾರೆ, ಬೋರ್ಡಿನಲ್ಲಿ ಆ ಮಾತಿಲ್ಲ, ನಾನು ಮುಚ್ಚಿದ ಬಾಗಿಲ ಮುಂದೆ ಎರಡು ತಾಸು ಕಾದೆ. ಯಜಮಾನರು ಇಲ್ಲದಾಗ ಗಲ್ಲಾದಲ್ಲಿ ಕೂರುವ ಹುಡುಗ ಬಿಪಿಯನ್ನೂ ಕೇಳುವುದಿಲ್ಲ, ಬೇರನ್ನೂ ತೋರಿಸುವುದಿಲ್ಲ, ಅವನಿದ್ದರೆ ಟೀ ಕುಡಿದು ಬರುವುದು ವಾಸಿ. ಎಲ್ಲಕ್ಕಿಂತ ದೊಡ್ಡ ತಪ್ಪು, ಇಷ್ಟೆಲ್ಲ ನೋಡಿ ಕೊಡುವವರು ಪೊಟ್ಟಣದ ಮೇಲೆ ಹೆಸರನ್ನಾಗಲಿ ತಾರೀಕನ್ನಾಗಲಿ ಬರೆಯುವುದಿಲ್ಲ. ಮನೆಗೆ ಬಂದು ನೋಡಿದರೆ ಒಂದೇ ಬಣ್ಣದ ಮೂರು ಪುಡಿ. ಹೋಗುವಾಗ ಒಂದು ಪೆನ್ನು ಇಟ್ಟುಕೊಂಡು ಹೋಗಿ.