ಬಳ್ಳಾರಿಯ ಮಿಲ್ಲಿಂಗ್ ಲ್ಯಾಬ್: ರೀಮೇಕ್ ರಿಜಿಸ್ಟರ್ ಹೇಗಿದೆ?

ಬಳ್ಳಾರಿಯ ಈ ಡೆಂಟಲ್ ಲ್ಯಾಬ್‌ಗೆ ಸಂಡೂರು, ಸಿರುಗುಪ್ಪದ ಕ್ಲಿನಿಕ್‌ಗಳಿಂದಲೂ ಝಿರ್ಕೋನಿಯಾ ಕೆಲಸ ಬರುತ್ತದೆ, ಅಂದರೆ ಆ ಗಟ್ಟಿ ಸೆರಾಮಿಕ್‌ನ ಡಿಸ್ಕನ್ನು ಯಂತ್ರದಲ್ಲಿ ಕೊರೆದು (ಮಿಲ್ಲಿಂಗ್) ಹಲ್ಲಿನ ಕ್ಯಾಪ್, ಬ್ರಿಡ್ಜ್ (ಹಲವು ಹಲ್ಲು ಸೇರಿದ ಒಂದೇ ತುಂಡು) ಮಾಡುವುದು. ಫಿನಿಶಿಂಗ್, ಡೆಲಿವರಿ ಎರಡೂ ಚೆನ್ನಾಗಿವೆ, ಅದರ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ನೋಡಬೇಕಾದ್ದು ಅವರ ರೀಮೇಕ್ ರಿಜಿಸ್ಟರ್, ಅಂದರೆ ವಾಪಸ್ ಬಂದು ಮತ್ತೆ ಮಾಡಬೇಕಾದ ಕೆಲಸಗಳ ದಾಖಲೆ.

ಎಷ್ಟೋ ಲ್ಯಾಬ್‌ಗಳಲ್ಲಿ ಕಾರಣದ ಕಾಲಂನಲ್ಲಿ ‘ಫಿಟ್ ಆಗಿಲ್ಲ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಅದು ದೂರು, ಕಾರಣವಲ್ಲ. ಇಲ್ಲಿ ಪ್ರತಿ ಯೂನಿಟ್‌ಗೂ (ಒಂದು ಹಲ್ಲಿನ ಭಾಗಕ್ಕೂ) ಹಲ್ಲಿನ ನಂಬರ್, ಡಿಸ್ಕಿನ ಲಾಟ್ (ಒಟ್ಟಿಗೆ ತಯಾರಾದ ಕಂತು), ಸ್ಕೇಲ್ ಫ್ಯಾಕ್ಟರ್ (ಎಷ್ಟು ಪಟ್ಟು ದೊಡ್ಡದಾಗಿ ಕೊರೆಯಬೇಕೆಂಬ ಸಂಖ್ಯೆ), ಬರ್ (ಕೊರೆಯುವ ಮೊನೆ) ಎಷ್ಟು ಯೂನಿಟ್ ಕೊರೆದಿದೆ, ಫರ್ನೇಸ್ ಪ್ರೋಗ್ರಾಂ ಯಾವುದು ಎಲ್ಲವೂ ದಾಖಲಾಗುತ್ತವೆ.

ಸ್ಕೇಲ್ ಫ್ಯಾಕ್ಟರ್ ಬರೆದಿಡುವುದು ಸಣ್ಣ ವಿಷಯವಲ್ಲ. ಝಿರ್ಕೋನಿಯಾ ಫರ್ನೇಸ್‌ನಲ್ಲಿ ಸಿಂಟರ್ ಆಗುವಾಗ (ಬೆಂದು ಗಟ್ಟಿಯಾಗುವಾಗ) ಸುಮಾರು ಶೇ. 20ರಷ್ಟು ಕುಗ್ಗುತ್ತದೆ. ಹಾಗಾಗಿ ದೊಡ್ಡದಾಗಿ ಕೊರೆಯಬೇಕು. ಎಷ್ಟು ದೊಡ್ಡದು ಎಂಬುದು ಲಾಟ್‌ನಿಂದ ಲಾಟ್‌ಗೆ ಬದಲಾಗುತ್ತದೆ, ಡಿಸ್ಕಿನ ಮೇಲೇ ಅಚ್ಚಾಗಿರುತ್ತದೆ. 1.25ರ ಡಿಸ್ಕಿಗೆ ಹಳೆಯ 1.23 ಉಳಿದುಬಿಟ್ಟರೆ 10 ಮಿ.ಮೀ. ಕ್ಯಾಪ್ 9.84ಕ್ಕೆ ಇಳಿಯುತ್ತದೆ. ಸಿಮೆಂಟಿಗೆ ಬಿಡುವ ಜಾಗವೇ ಹೆಚ್ಚೂಕಡಿಮೆ 50 ಮೈಕ್ರಾನ್, ಕ್ಯಾಪ್ ಕೂರುವುದಾದರೂ ಹೇಗೆ? ಒಂಟಿ ಕ್ಯಾಪನ್ನು ಒಳಗೆ ಉಜ್ಜಿ ಹೇಗೋ ಕೂರಿಸುವವರಿದ್ದಾರೆ. 40 ಮಿ.ಮೀ. ಉದ್ದದ ಬ್ರಿಡ್ಜಿನಲ್ಲಿ ಅದೇ ತಪ್ಪು 0.6 ಮಿ.ಮೀ. ದಾಟುತ್ತದೆ, ಅಲ್ಲಿ ಉಜ್ಜಾಟ ನಡೆಯುವುದಿಲ್ಲ. ಲಾಟ್ ನಂಬರ್ ಇದ್ದರೆ ಅದೇ ಡಿಸ್ಕಿನ ಉಳಿದ ಯೂನಿಟ್‌ಗಳನ್ನು ಹೊರಹೋಗುವ ಮೊದಲೇ ತಡೆಯಬಹುದು.

ಮಾರ್ಜಿನ್ (ಕ್ಯಾಪಿನ ಅಂಚು) ಚಿಪ್ ಆದಾಗಲೂ ಇದೇ ದಾಖಲೆ ಕೆಲಸಕ್ಕೆ ಬರುತ್ತದೆ. ಒಂದೇ ಬರ್‌ನಲ್ಲಿ ಕೊರೆದ ನಾಲ್ಕೈದು ಯೂನಿಟ್‌ಗಳ ಅಂಚು ಹಾರಿದ್ದರೆ ಬರ್ ಸವೆದಿರಬೇಕು, ಇಲ್ಲವೇ ಬರ್ ತಿರುಗಿಸುವ ಸ್ಪಿಂಡಲ್ ನೋಡಬೇಕು. ಒಂದೇ ಯೂನಿಟ್‌ನದು ಹಾರಿದ್ದರೆ ಮೊದಲು ಸ್ಕ್ಯಾನ್ ತೆಗೆದು ಪ್ರಿಪರೇಶನ್‌ನ (ಕ್ಯಾಪಿಗೆಂದು ಡಾಕ್ಟರ್ ಉಜ್ಜಿದ ಹಲ್ಲಿನ) ಅಂಚು ಕತ್ತಿಯಂತೆ ತೆಳುವಾಗಿದೆಯೇ ನೋಡಿ. ಕರೆಂಟ್ ಹೋಗಿ ಸಿಂಟರಿಂಗ್ ಅರ್ಧಕ್ಕೆ ನಿಂತರೂ ಲಾಗ್‌ನಲ್ಲಿ ಬರೆಯುತ್ತಾರೆ. ನಮ್ಮ ಕಡೆ ಬೇಸಿಗೆಯಲ್ಲಿ ಇದು ಬೇಕೇ ಬೇಕು.

ಕೊರತೆಗಳೂ ಇವೆ. ತಪ್ಪು ಲ್ಯಾಬ್ ಒಳಗೇ ಸಿಕ್ಕಿ ಮತ್ತೆ ಕೊರೆದ ಯೂನಿಟ್‌ಗಳು ರಿಜಿಸ್ಟರ್‌ಗೆ ಏರುವುದಿಲ್ಲ, ವಾಪಸ್ ಬಂದವು ಮಾತ್ರ ಲೆಕ್ಕ. ಡಿಸ್ಕ್ ಖರ್ಚಾಗುವುದು ಎರಡಕ್ಕೂ, ಬರ್ ಸವೆಯುವುದೂ ಎರಡಕ್ಕೂ. ನಾಲ್ಕು ಯೂನಿಟ್ ಬ್ರಿಡ್ಜ್ ವಾಪಸಾದರೆ ಒಂದು ರೀಮೇಕ್ ಎಂದು ಹಿಡಿದು, ಒಟ್ಟು ಉತ್ಪಾದನೆಯಲ್ಲಿ ಮಾತ್ರ ನಾಲ್ಕು ಎನ್ನುತ್ತಾರೆ. ಹೀಗಾದರೆ ಪ್ರಮಾಣ ಕಡಿಮೆಯೇ ಕಾಣುತ್ತದೆ, ಜಾಣ ಲೆಕ್ಕ! ಶೇಡ್ (ಬಣ್ಣದ) ದೂರುಗಳೆಲ್ಲ ‘ಡಾಕ್ಟರ್ ಕಡೆ’ ಖಾತೆಗೆ ಹೋಗುತ್ತವೆ. ಆದರೆ ಸ್ಲಿಪ್ಪಿನಲ್ಲಿ ಎ2 ಅಂತ ಶೇಡ್ ನಂಬರ್ ಮಾತ್ರ ಇದೆ, ಒಳಗಿನ ಹಲ್ಲು ಕಪ್ಪಾಗಿದೆಯೇ ಎಂದು ಕೇಳುವ ಕಾಲಂ ಇಲ್ಲ.

ಕೆಲಸ ಕಳಿಸುವವರು ಒಳಗಿನ ಹಲ್ಲಿನ ಬಣ್ಣವನ್ನು ಸ್ಲಿಪ್ಪಿನ ಹಿಂದೆ ಬರೆದು ಕಳಿಸಿ. ವಾಪಸ್ ಮಾಡುವಾಗ ಹಳೆಯ ಕ್ಯಾಪ್, ಮಾಡೆಲ್ (ಹಲ್ಲಿನ ಪ್ರತಿರೂಪ) ಎರಡನ್ನೂ ಜೊತೆಗಿಡಿ. ಬರೀ ಹೊಸ ಅಳತೆ ಕಳಿಸಿದರೆ ತಪ್ಪು ಮೊದಲ ಅಳತೆಯದೋ ಮಿಲ್ಲಿಂಗಿನದೋ ಎಂದು ಯಾರಿಗೂ ಗೊತ್ತಾಗುವುದಿಲ್ಲ.