ಹಾರ್ಡ್ ಡಿಸ್ಕ್ ಸತ್ತ ಮೇಲೆ: ಅಂಗಡಿ, ಲಿನಕ್ಸ್, ಲ್ಯಾಬ್ ಮತ್ತು ಒಂದು ಚಪ್ಪಲಿ ಡಬ್ಬ

ಏಪ್ರಿಲ್‌ನ ಒಂದು ಮಧ್ಯಾಹ್ನ ಚಿತ್ರದುರ್ಗದಲ್ಲಿ ಕರೆಂಟ್ ಹತ್ತು ನಿಮಿಷದಲ್ಲಿ ಮೂರು ಸಲ ಹೋಗಿ ಬಂತು. ಮೂರನೇ ಸಲಕ್ಕೆ ನನ್ನ ಕಂಪ್ಯೂಟರ್ ಏಳಲಿಲ್ಲ. ಪರದೆ ಕಪ್ಪು. ಡಬ್ಬದೊಳಗಿಂದ ಮಾತ್ರ ಲೊಚ್, ಲೊಚ್ ಎಂದು ಸದ್ದು. ಅಡುಗೆಮನೆಯಿಂದ ನನ್ನ ಹೆಂಡತಿ, "ರೀ, ಹಲ್ಲಿ ಲೊಚಗುಡ್ತಿದೆ, ಈಗ ಏನು ಅಂದ್ಕೊಂಡ್ರಿ?" ಎಂದು ಕೇಳಿದಳು. ನಾನು ಅಂದುಕೊಂಡದ್ದು ನಿಜವೇ ಆಯಿತು.

ಒಳಗಿದ್ದದ್ದು ಹನ್ನೊಂದು ವರ್ಷದ ಟಿಪ್ಪಣಿ. ಬಿ. ಎಲ್. ರೈಸ್ 1903ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನಸಂಗ್ರಹದ 11ನೇ ಸಂಪುಟ ನಮ್ಮ ಜಿಲ್ಲೆಯದು. ದಾವಣಗೆರೆ 1997ರಲ್ಲಿ ಪಾಲು ತೆಗೆದುಕೊಂಡು ಬೇರೆ ಹೋಯಿತು, ಆದರೆ ಆ ಪುಸ್ತಕದೊಳಗೆ ಇನ್ನೂ ಒಟ್ಟು ಕುಟುಂಬವೇ. ಹರಿಹರದ ಶಾಸನಗಳೂ ಅದರಲ್ಲೇ ಇವೆ. ಅದರಲ್ಲಿ ಬರುವ ಊರು, ಕೆರೆ, ಅಳತೆಗಳಿಗೆ ಪದಸೂಚಿ ಮಾಡುತ್ತಿದ್ದೆ. ಪುಸ್ತಕ ಕಪಾಟಿನಲ್ಲಿ ಭದ್ರವಾಗಿದೆ, ಸ್ಕ್ಯಾನ್ ಪ್ರತಿ ಅಂತರ್ಜಾಲದಲ್ಲೂ ಸಿಗುತ್ತದೆ. ಹೋದದ್ದು ಯಾವ ಪದ ಎಲ್ಲೆಲ್ಲಿದೆ ಎಂದು ನಾನು ಹಿಡಿದಿದ್ದ ಜಾಡು.

ಮೊದಲು ಊರಿನ ಒಂದು ರಿಪೇರಿ ಅಂಗಡಿ. ಹುಡುಗ ಒಳ್ಳೆಯವನು, ಕೈ ಚುರುಕು. ಎಸ್‌ಎಂಪಿಎಸ್ (ಒಳಗೆ ಕರೆಂಟ್ ಕೊಡುವ ಪೆಟ್ಟಿಗೆ) ನೋಡಿದ, ಕೇಬಲ್ ಬದಲಿಸಿದ, ಕಿವಿಗೊಟ್ಟು ಕೇಳಿದ. "ಹಾರ್ಡ್ ಡಿಸ್ಕ್ ಹೋಗೈತೆ ಸಾರ್. ಫಾರ್ಮ್ಯಾಟ್ ಹೊಡೆದು ನೋಡನಾ?" ಬೇಡಪ್ಪಾ ಎಂದೆ. ಹಾಗಾದರೆ ಚೆಕ್ ಡಿಸ್ಕ್ ಓಡಿಸೋಣ ಎಂದ, ಅದಕ್ಕೆ ಹೂಂ ಅಂದುಬಿಟ್ಟೆ. ಇಡೀ ರಾತ್ರಿ ಓಡಿತು. ಬೆಳಿಗ್ಗೆಗೆ ಸದ್ದು ಜೋರಾಗಿತ್ತು. ಚೆಕ್ ಡಿಸ್ಕ್ ಕಡತಗಳನ್ನು ಕಾಪಾಡಲು ಇರುವುದಲ್ಲ, ಡಿಸ್ಕಿನ ಕಡತಪಟ್ಟಿಯ ಲೆಕ್ಕ ಸರಿಮಾಡಲು ಇರುವುದು. ಆ ಭರದಲ್ಲಿ ಸಾಯುತ್ತಿರುವ ಡಿಸ್ಕಿನ ಮೇಲೆಯೇ ಬರೆಯುತ್ತದೆ. ನಾನು ಇದನ್ನು ಓದಿ ತಿಳಿದದ್ದು ಮಾರನೆಯ ದಿನ. ಅಂಗಡಿಗೆ ಕೊಟ್ಟದ್ದು ಮುನ್ನೂರು ರೂಪಾಯಿ. ಹಳೆಯ ಡಿಸ್ಕಿನ ಜಾಗದಲ್ಲಿ ಹೊಸ ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ ಡಿಸ್ಕ್) ಕೂರಿಸಿ ಯಂತ್ರವನ್ನು ಎಬ್ಬಿಸಿಕೊಟ್ಟಿದ್ದೂ ಆ ಹುಡುಗನೇ, ಅದರಲ್ಲಿ ಕೊರತೆ ಹೇಳುವ ಹಾಗಿಲ್ಲ. ಯಂತ್ರ ಬೇಕೆಂದರೆ ಅಂಗಡಿ ಸಾಕು. ಒಳಗಿನದು ಬೇಕೆಂದರೆ ಅಲ್ಲಿ ಡಿಸ್ಕ್ ಬಿಚ್ಚಿಸಿಕೊಂಡು ಮನೆಗೆ ಬರಬೇಕು.

(ಪಕ್ಕದ ಮನೆಯವರು ಡಿಸ್ಕನ್ನು ಫ್ರೀಜರಿನಲ್ಲಿ ಇಡಿ ಎಂದರು. ಹೊರಗೆ ತೆಗೆದ ಕೂಡಲೇ ಒಳಗೆ ನೀರು ಬೆವರುತ್ತದೆ. ಇಡಲಿಲ್ಲ.)

ಬೆಂಗಳೂರಿನ ಡೇಟಾ ರಿಕವರಿ ಲ್ಯಾಬ್ ಒಂದಕ್ಕೆ ಫೋನ್ ಮಾಡಿದೆ. ಓದುವ ಹೆಡ್ ಕೆಟ್ಟಿದ್ದರೆ ಧೂಳಿಲ್ಲದ ಕೋಣೆಯಲ್ಲಿ ಬಿಚ್ಚಿ, ಅದೇ ಮಾದರಿಯ ಇನ್ನೊಂದು ಡಿಸ್ಕಿನ ಹೆಡ್ ತಂದು ಕೂರಿಸಬೇಕಂತೆ. ಅಂದಾಜು ಮೂವತ್ತು ಸಾವಿರ, ನೋಡಿದ ಮೇಲೆ ಇನ್ನೂ ಏರಬಹುದು ಎಂದರು. ನಾನು ಕಳಿಸಲಿಲ್ಲ, ಹಾಗಾಗಿ ಇದನ್ನು ಅರ್ಧ ಪ್ರಯೋಗ ಎಂದೇ ಎಣಿಸಿ. ಡಿಸ್ಕನ್ನು ಕಂಪ್ಯೂಟರ್ ಗುರುತೇ ಹಿಡಿಯದಿದ್ದರೆ ಮಾತ್ರ ಅದೊಂದೇ ದಾರಿ. ನನ್ನದು ಇನ್ನೂ ಗುರುತು ಸಿಗುತ್ತಿತ್ತು, ತಡವರಿಸುತ್ತಿತ್ತು ಅಷ್ಟೆ.

ದಾವಣಗೆರೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಡಿಸ್ಕನ್ನು ಟವೆಲ್ಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಅರವತ್ತು ಕಿಲೋಮೀಟರ್ ಬಸ್ಸಿನಲ್ಲಿ ಹೋದೆ. ಅವನು ಮೊದಲು ಬೈದ, ಆಮೇಲೆ ಬೆಣ್ಣೆದೋಸೆ ತಿನ್ನಿಸಿದ. "ಸರ್, ನೀವೇ ನಮಗೆ ಬ್ರಹ್ಮಗಿರೀಲಿ ಶಾಸನ ತೋರಿಸ್ತಾ ಹೇಳಿದ್ರಲ್ಲ, ಕಲ್ಲನ್ನ ಉಜ್ಜಬ್ಯಾಡ್ರೋ, ಕಾಗದದ ಮೇಲೆ ಪಡಿಯಚ್ಚು ತಗೊಂಡು ಅದನ್ನ ಓದ್ರಿ ಅಂತ. ಇದೂ ಅಷ್ಟೇ."

ಅಷ್ಟೇ ಆಗಿತ್ತು. ಪೆನ್ ಡ್ರೈವಿನಿಂದ ಉಬುಂಟು ಎಂಬ ಲಿನಕ್ಸ್ (ವಿಂಡೋಸ್ ಬದಲಿಗೆ ಕಂಪ್ಯೂಟರ್ ನಡೆಸುವ ಪುಕ್ಕಟೆ ವ್ಯವಸ್ಥೆ) ಹಚ್ಚಿದ, ಡಿಡಿರೆಸ್ಕ್ಯೂ ಎಂಬ ಪುಕ್ಕಟೆ ತಂತ್ರಾಂಶ ಓಡಿಸಿದ. ಅದು ಸಲೀಸಾಗಿ ಓದಲು ಬರುವ ಭಾಗವನ್ನು ಮೊದಲು ಇನ್ನೊಂದು ಡಿಸ್ಕಿಗೆ ಎತ್ತಿಕೊಳ್ಳುತ್ತದೆ. ಕೆಟ್ಟ ಜಾಗ ಬಂದರೆ ಹಟ ಹಿಡಿಯದೆ ಗುರುತು ಹಾಕಿಕೊಂಡು ಮುಂದೆ ಹೋಗುತ್ತದೆ, ಕೊನೆಗೆ ಆ ಗುರುತುಗಳಿಗೆ ಮಾತ್ರ ವಾಪಸು ಬರುತ್ತದೆ. 500 ಜಿಬಿಗೆ ಮೂವತ್ತೊಂದು ಗಂಟೆ ಹಿಡಿಯಿತು. ಮೂಲ ಡಿಸ್ಕ್ ಆಮೇಲೆ ಏಳಲೇ ಇಲ್ಲ. ನಾವು ಕೆಲಸ ಮಾಡಿದ್ದೆಲ್ಲ ಪಡಿಯಚ್ಚಿನ ಮೇಲೆ.

ಕಡತ ಎಲ್ಲಿದೆ ಎಂಬ ಪಟ್ಟಿ ಇರುವ ಜಾಗವೇ ಹಾಳಾಗಿತ್ತು, ಬಹುಶಃ ಚೆಕ್ ಡಿಸ್ಕಿನ ಪುಣ್ಯ. ಹಾಗಾಗಿ ಫೋಟೋರೆಕ್ ಎಂಬ ಇನ್ನೊಂದು ತಂತ್ರಾಂಶ ಬೇಕಾಯಿತು. ಅದು ಪಟ್ಟಿಯನ್ನು ನೋಡುವುದಿಲ್ಲ, ಕಡತದ ತಲೆಯ ಗುರುತು ಕಂಡಲ್ಲಿ ಅಗೆದು ತೆಗೆಯುತ್ತದೆ. ಸಿಕ್ಕಿದ್ದು ನಾಲ್ಕು ಸಾವಿರಕ್ಕೂ ಮೇಲೆ. ಒಂದಕ್ಕೂ ಹೆಸರಿಲ್ಲ. 'ಹರಿಹರ-ಅಳತೆಗಳು' ಎಂದು ನಾನು ಇಟ್ಟಿದ್ದ ಕಡತ ಈಗ ಎಫ್ ಅಕ್ಷರದ ಮುಂದೆ ಒಂದಿಷ್ಟು ಅಂಕಿ.

ಹುಡುಕೋಣವೆಂದರೆ 2015ಕ್ಕೆ ಮೊದಲಿನವು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನವು, ಎಲ್ಲ ಯಂತ್ರಕ್ಕೂ ಅರ್ಥವಾಗುವ ಯೂನಿಕೋಡ್ ಅಲ್ಲ. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ತಲೆಯ ಮೇಲೆ ಚುಕ್ಕಿ, ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ. 'ಕೆರೆ' ಎಂದು ಹುಡುಕಿದರೆ ಒಂದೂ ಸಿಗದು. ಪರಿವರ್ತಕಕ್ಕೆ ಹಾಕಿದೆ, ಬಹುಪಾಲು ಸರಿಯಾಯಿತು. ಅರ್ಕಾವೊತ್ತು ಮಾತ್ರ ಕೆಲವೆಡೆ ಪಕ್ಕದ ಅಕ್ಷರದ ಮನೆಗೆ ಹೋಗಿ ಕೂತಿತ್ತು.

ಆಗ ನೆನಪಾದದ್ದು ಅಟ್ಟದ ಮೇಲಿನ ಚಪ್ಪಲಿ ಡಬ್ಬ. ಕಂಪ್ಯೂಟರ್ ಕೊಳ್ಳುವ ಮುಂಚೆ ಮದುವೆ ಕರೆಯೋಲೆಗಳನ್ನು ಸಮನಾಗಿ ಕತ್ತರಿಸಿ ಹಿಂಬದಿಯಲ್ಲಿ ಪದ ಬರೆದಿಡುತ್ತಿದ್ದೆ. ಒಂದು ಕಡೆ 'ಶ್ರೀ ವೀರಭದ್ರೇಶ್ವರ ಪ್ರಸನ್ನ', ಇನ್ನೊಂದು ಕಡೆ ನೀಲಿಯಲ್ಲಿ 'ಮತ್ತರು' (ಭೂಮಿಯ ಹಳೆಯ ಅಳತೆ), ಕೆಳಗೆ ಕೆಂಪಿನಲ್ಲಿ ತಾಲ್ಲೂಕು, ಶಾಸನಸಂಖ್ಯೆ, ಪುಟ. ಇಲಿ ಎರಡು ಮೂಲೆ ತಿಂದಿದೆ, ಅಕ್ಷರ ಮುಟ್ಟಿಲ್ಲ. ಅವು ಇಡೀ ಕೆಲಸದ ಮೂರನೇ ಒಂದು ಪಾಲಷ್ಟೆ. ಆದರೂ ಹೆಸರಿಲ್ಲದ ಕಡತಗಳಿಗೆ ಹೆಸರು ಕೊಟ್ಟದ್ದು ಅವೇ: ಚೀಟಿಯ ಶಾಸನಸಂಖ್ಯೆ ಹಾಕಿ ಹುಡುಕಿದರೆ ಅದಕ್ಕೆ ಸೇರಿದ ಕಡತ ಮೇಲೆ ಬರುತ್ತದೆ. ಲಿನಕ್ಸ್ ಒಂದೇ ಇದ್ದಿದ್ದರೆ ನನಗೆ ಗುಡ್ಡೆ ಸಿಗುತ್ತಿತ್ತು, ಚೀಟಿಗಳಿಂದ ಅದು ಮತ್ತೆ ಸೂಚಿಯಾಗುತ್ತಿದೆ. ನನ್ನ ಲೆಕ್ಕದಲ್ಲಿ ಈ ಜೋಡಿಗೇ ಮೊದಲ ಮಣೆ. ಎರಡಕ್ಕೂ ಸೇರಿ ಖರ್ಚು ಒಂದು ಹೊಸ ಡಿಸ್ಕ್, ಬಸ್ ಚಾರ್ಜು.

ಕಳೆದದ್ದನ್ನು ಫೋನಿನಿಂದ ಮತ್ತೆ ಹಾಕೋಣವೆಂದೂ ನೋಡಿದೆ. ಪುಟದ ಫೋಟೋದಿಂದ ಅಕ್ಷರ ಎತ್ತುವುದು ಹೊಸಗನ್ನಡಕ್ಕೆ ಅಚ್ಚುಕಟ್ಟು. ಹಳಗನ್ನಡದ ಗೞ್ದೆಯಲ್ಲಿನ (ಅಂದರೆ ಗದ್ದೆ) ೞ ಬಂತೆಂದರೆ ಒಮ್ಮೆ ಳ, ಒಮ್ಮೆ ಟ, ಒಮ್ಮೆ ಏನೂ ಇಲ್ಲ. ಬಾಯಲ್ಲಿ ಹೇಳಿ ಟೈಪ್ ಮಾಡಿಸುವುದು ಇನ್ನೂ ಮಜಾ. "ಗದ್ದೆ ಮತ್ತರು ಎರಡು" ಎಂದೆ, "ಗದ್ದೆ ಮತ್ತ್ಯಾರು ಎರಡು" ಎಂದು ಬರೆಯಿತು. ಪತ್ರ ಬರೆಯಲು ಅದನ್ನೇ ಬಳಸುತ್ತಿದ್ದೇನೆ, ಶಾಸನಕ್ಕಲ್ಲ.

ಈಗ ಸೂಚಿಯ ಒಂದು ಪ್ರತಿ ಎಸ್‌ಎಸ್‌ಡಿಯಲ್ಲಿ, ಒಂದು ಹೊರಗಿನ ಡಿಸ್ಕಿನಲ್ಲಿ, ಒಂದು ಗೂಗಲ್ ಡ್ರೈವಿನಲ್ಲಿ. ಬರೀ ಅಕ್ಷರವಾದ್ದರಿಂದ ಪುಕ್ಕಟೆಯ 15 ಜಿಬಿಯಲ್ಲಿ ಮೂಲೆಯೂ ತುಂಬುವುದಿಲ್ಲ. ಕರೆಯೋಲೆ ಕತ್ತರಿಸುವುದನ್ನೂ ಮತ್ತೆ ಶುರು ಮಾಡಿದ್ದೇನೆ. ಹೆಸರಿಲ್ಲದವು ಇನ್ನೂ ಆರುನೂರರಷ್ಟಿವೆ. ದಿನಾ ರಾತ್ರಿ ಊಟವಾದ ಮೇಲೆ ಹತ್ತು ತೆರೆಯುತ್ತೇನೆ. ನಿನ್ನೆ ತೆರೆದ ಮೊದಲನೆಯದು ಹರಿಹರದ ಒಂದು ದತ್ತಿ, ಎರಡನೆಯದು 2014ರ ಹಾಲಿನ ಲೆಕ್ಕ.